ನಬಿಲಾಲರ ಆ್ಯಂಟೆನಾ

ಹಳೆಯದನ್ನು ತೆಗೆದರೆ ಜಾಗವಾಗುತ್ತದೆ ಎಂದೇನೋ ಅಂದಿದ್ದೆಯಲ್ಲ ಅಕ್ಕಾ, ನನ್ನ ಪುಸ್ತಕಗಳನ್ನು ಕಪಾಟಿನಿಂದ ಇಳಿಸುತ್ತ. ಅದು ಗಾಳಿಗೂ ಸಲ್ಲುವ ಮಾತು. ಟಿವಿ ಡಿಜಿಟಲ್ ಆದಮೇಲೆ ತೆರವಾದ ತರಂಗಗಳಲ್ಲಿ ಈಗ ಫೋನು ಓಡುತ್ತದೆ ಎಂದು ಹುಕ್ಕೇರಿಯ ನನ್ನ ಮನೆಮಾಲೀಕ ನಬಿಲಾಲರಿಗೆ ವಿವರಿಸಿದ್ದೆ.

"ಹಂಗಾರ ನಮ್ಮ ಹಳೇ ಆ್ಯಂಟೆನಾ ಕೆಲಸಕ್ಕ ಬರತೈತಿ ಬಿಡ್ರಿ" ಎಂದರು.

ಇಂದು ಅವರ ಮಗಳು ಇರ್ಫಾನಾಳ ಹೆರಿಗೆಯ ಸುದ್ದಿ ಬರುವಾಗಲೇ ಫೋನಿನ ದನಿ ಒಡೆಯಿತು. ನಬಿಲಾಲರು ಮಾಳಿಗೆಗೆ ಓಡಿ ಆ್ಯಂಟೆನಾ ತಿರುವಿದರು. ಅಂಗಳದಿಂದ ಹೆಂಡತಿ ಸುಲ್ತಾನಾಬಿ ಕೂಗಿದರು: "ಇನ್ನೊಂಚೂರು... ಬಂತು, ಬಂತು! ಹೆಣ್ಣಂತ್ರಿ! ಇಬ್ಬರೂ ಆರಾಮ ಅದಾರಂತ! ಕೈ ಬಿಡಬ್ಯಾಡ್ರಿ!"

ಹೊಸ ಅಜ್ಜ ಇನ್ನೂ ಕಂಬ ಹಿಡಿದೇ ನಿಂತಿದ್ದಾರೆ. ಆ ಆ್ಯಂಟೆನಾಕ್ಕೂ ಫೋನಿಗೂ ಸಂಬಂಧವಿಲ್ಲ ಎಂದು ತಿದ್ದಲು ನನಗೆ ಮನಸ್ಸಾಗಲಿಲ್ಲ.

ನಿನ್ನ ಈ ತಮ್ಮನ ಕೆಮ್ಮು ವಾಸಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಖಾಲಿಯಾದ ಆ ಕಪಾಟಿನಲ್ಲಿ ನೀನೀಗ ಏನು ತುಂಬಿದ್ದೀ?