ಅರ್ಧ ಬೆಲೆಯ ಜುಲೈ

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೯, ಮಧ್ಯಾಹ್ನ

ಪ್ರೀತಿಯ ಗುಬ್ಬಿ,

ಹೇಗಿದ್ದೀಯ ಮಗಳೇ? ಹೋಟೆಲಿನ ಬ್ರೆಡ್ಡಿನ ಒಲೆಗೆ ತಾಗಿ ಸುಟ್ಟ ಕೈ ವಾಸಿಯಾಯಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯಾ, ಇಲ್ಲಾ ಊರಿಗೆಲ್ಲ ಬ್ರೆಡ್ಡು ಸುಟ್ಟುಕೊಟ್ಟು ನೀನು ಬರೀ ಚಹಾ ಕುಡಿದು ಮಲಗುತ್ತಿದ್ದೀಯಾ? ನಾವು ಚೆನ್ನಾಗಿದ್ದೇವೆ. ನಿನ್ನ ಅಮ್ಮನ ಮಂಡಿ ಅದಕ್ಕೆ ಮನಸ್ಸು ಬಂದಂತೆ ನಡೆಯುತ್ತದೆ. ಕತ್ತರಿ ಹಿಡಿದು ಕಂಡವರ ತಲೆಯ ಮೇಲೆ ಬಗ್ಗಿ ಬಗ್ಗಿ ನನ್ನ ಕತ್ತು ಹಿಡಿದುಕೊಂಡಿದೆ, ಅಷ್ಟೇ.

ಈಗ ವಿಷಯಕ್ಕೆ ಬರುತ್ತೇನೆ. ನಿನ್ನ ದ್ವೀಪಕ್ಕೆ ಯಾವಾಗ ಬರಬೇಕೆಂದು ಯೋಚಿಸಿ ಯೋಚಿಸಿ ನನ್ನ ತಲೆ ಗೊಂದಲದ ಗೂಡಾಗಿದೆ. ಜನವರಿಯಲ್ಲಿ ಬರುತ್ತೇವೆ ಎಂದರೆ ನೀನು, "ಅಯ್ಯೋ ಅಪ್ಪಾ, ಸೀಸನ್ನು! ರೂಮಿನ ಬಾಡಿಗೆ ಕೇಳಿದ್ರೆ ಅಲ್ಲೇ ಕೂತ್ಬಿಡ್ತೀಯ" ಎಂದೆ. ಏಪ್ರಿಲ್ ಎಂದರೆ ಸೆಖೆ, ಅಮ್ಮನಿಗೆ ಆಗದು. ಜೂನ್ ಎಂದರೆ ಮಳೆ, ದೋಣಿಯೇ ಇಲ್ಲ ಎನ್ನುತ್ತೀಯ. ಅಕ್ಟೋಬರ್ ಎಂದರೆ ಮಳೆ ಬಿಡುತ್ತದೋ ಇಲ್ಲವೋ ದೇವರೇ ಬಲ್ಲ. ಬೆರಳು ಮಡಿಸುತ್ತಾ ಹೋದೆ. ನಿನ್ನ ವರ್ಷದಲ್ಲಿ ನಮಗೆಂದು ಒಂದು ತಿಂಗಳೂ ಉಳಿಯಲಿಲ್ಲ.

ಅಂಗಡಿಯಲ್ಲಿ ಗಿರಾಕಿಗಳನ್ನು ಕೇಳಿದ್ದು ತಪ್ಪಾಯಿತು. ನಿನಗೆ ಭೂಗೋಳ ಕಲಿಸಿದ ಮೇಷ್ಟ್ರು ಗಡ್ಡಕ್ಕೆ ಹಚ್ಚಿದ ನೊರೆಯನ್ನೇ ಬೆರಳಲ್ಲಿ ತೆಗೆದು, ನನ್ನ ಕನ್ನಡಿಯ ಮೇಲೆ ಗಾಳಿ ಬೀಸುವ ದಿಕ್ಕು ಬರೆದು ತೋರಿಸಿದರು. "ಮಳೆ ನಿಂತ ಮಾರನೇ ವಾರ ಹೋಗಬೇಕಪ್ಪಾ. ಬಿಸಿಲೂ ಸಿಗುತ್ತೆ, ಬೆಲೆಯೂ ಏರಿರಲ್ಲ" ಎಂದರು. ಮಳೆ ನಿಲ್ಲುವುದು ಯಾವಾಗ ಎಂದು ಕೇಳಿದೆ. "ಅದನ್ನ ಹೇಳೋ ಹಾಗಿದ್ರೆ ನಾನ್ಯಾಕೆ ಮೇಷ್ಟ್ರಾಗ್ತಿದ್ದೆ?" ಎಂದು ಮುಖ ತೊಳೆದು ಹೋದರು. ಕನ್ನಡಿ ಒರೆಸಿದವನು ನಾನು.

ಆಮೇಲೆ ಪಕ್ಕದ ಬೀದಿಯ ಟಿಕೆಟ್ ಏಜೆಂಟು ಕಟಿಂಗಿಗೆ ಬಂದ. ಮಳೆಗಾಲದಲ್ಲಿ ದೋಣಿ ಇರುವುದಿಲ್ಲವಂತಲ್ಲ ಎಂದು ಬಾಯಿಬಿಟ್ಟೆ. ಅವನು ಎಷ್ಟು ಜೋರಾಗಿ ನಕ್ಕನೆಂದರೆ ಕಿವಿಯ ಹತ್ತಿರ ಕತ್ತರಿ ಜಾರಿಯೇಬಿಡುತ್ತಿತ್ತು. "ಯಾರು ಹೇಳಿದ್ದು ಯಜಮಾನ್ರೇ? ದೊಡ್ಡ ದೋಣಿ ವರ್ಷಪೂರ್ತಿ ಓಡುತ್ತೆ. ಜುಲೈನಲ್ಲಿ ನೋಣವೂ ಹತ್ತಲ್ಲ, ಅರ್ಧ ಬೆಲೆಗೆ ಕೊಡ್ತೀನಿ. ಆದ್ರೆ ದುಡ್ಡು ವಾಪಸ್ ಕೇಳೋ ಹಾಗಿಲ್ಲ" ಎಂದ. ಅವನು ಹೇಳಿದ್ದು ಸುಳ್ಳೋ, ನಿನಗೇ ಗೊತ್ತಿಲ್ಲವೋ ಎಂದು ನಾನಿನ್ನೂ ಲೆಕ್ಕ ಹಾಕುತ್ತಿದ್ದೆ. ಚಹಾ ತಂದಿದ್ದ ನಿನ್ನ ಅಮ್ಮ ಬಾಗಿಲಲ್ಲೇ ನಿಂತು, "ಅದನ್ನೇ ಕೊಡಪ್ಪಾ, ಎರಡು" ಎಂದುಬಿಟ್ಟಳು! ನಾಲ್ಕು ಹನಿ ಬಿದ್ದರೆ ಒಗೆದ ಬಟ್ಟೆಗಿಂತ ಮೊದಲು ತಾನು ಒಳಗೆ ಓಡುವವಳು. ಯಾಕೆ ಎಂದು ಕೇಳಿದರೆ, "ನಿಮಗೆ ಆಮೇಲೆ ಗೊತ್ತಾಗುತ್ತೆ" ಎನ್ನುತ್ತಾಳೆ. ಆಮೇಲೆ ಅಂದರೆ ಯಾವಾಗಲೋ ತಿಳಿಯದು. ನಿನಗೇನಾದರೂ ತಿಳಿದರೆ ಬರೆ. ನಾನು ಎರಡು ಕೊಡೆ ತೆಗೆದಿಟ್ಟಿದ್ದೇನೆ.

ಮೈ ಹುಷಾರು. ಒಲೆಯ ಹತ್ತಿರ ಕೈ ಜೋಪಾನ. ನಿನ್ನ ಮನಸ್ಸಿನಲ್ಲಿರುವುದೆಲ್ಲ ನೆರವೇರಲಿ.

ಇಂತು ನಿನ್ನ
ಅಪ್ಪ

ಇನ್ನೊಂದು ಮಾತು: ಲಕೋಟೆ ಅಂಟಿಸುವಾಗ ನಿನ್ನ ಅಮ್ಮ ಕಾಗದ ಕಿತ್ತುಕೊಂಡು ಓದಿ, "ಮಳೆ ಬಗ್ಗೆ ಇಷ್ಟುದ್ದ ಬರೆದಿದ್ದೀರಿ, ಕೆಮ್ಮಿನ ಬಗ್ಗೆ ಒಂದಕ್ಷರ ಇಲ್ಲ" ಎಂದಳು. ಯಾವ ಕೆಮ್ಮು? ನೀನು ಫೋನು ಮಾಡಿದಾಗಲೆಲ್ಲ ಹಿಂದೆ ಯಾರೋ ಗಂಡಸು ಕೆಮ್ಮುತ್ತಾನಂತೆ, ಎರಡು ವರ್ಷದಿಂದ. ಟಿವಿ ಇರಬೇಕು ಎಂದೆ. "ಟಿವಿ ಪ್ರತಿ ಸಲ ಒಂದೇ ಥರ ಕೆಮ್ಮುತ್ತಾ?" ಎಂದಳು. ನಾನು ಗಿರಾಕಿಯ ಕುರ್ಚಿಯಲ್ಲಿ ಕೂತುಬಿಟ್ಟೆ. ಸಿಟ್ಟು ಬರಬೇಕೋ, ಖುಷಿಪಡಬೇಕೋ, ಈಗಲೂ ಗೊತ್ತಾಗುತ್ತಿಲ್ಲ ಮಗಳೇ. ನಿನ್ನ ಅಮ್ಮನೋ, ತಾನು ಸಮುದ್ರ ನೋಡಲು ಬರುತ್ತಿಲ್ಲ, ಮಳೆಯಲ್ಲಿ ಎಲ್ಲರೂ ಮನೆಯೊಳಗೇ ಇರುತ್ತಾರೆ ಎಂದು ಬರೆಯಲು ಹೇಳಿದ್ದಾಳೆ. ಆ ಕೆಮ್ಮಿಗೆ ಔಷಧಿ ಕೊಡಿಸಬೇಕಂತೆ. ನನ್ನದು ಒಂದೇ ಮಾತು: ಜುಲೈವರೆಗೆ ಅವನು ಯಾರ ಕೈಯಲ್ಲೂ ಕೂದಲು ಕತ್ತರಿಸಿಕೊಳ್ಳದಿರಲಿ. ಕತ್ತರಿ, ಬಾಚಣಿಗೆ ನಾನೇ ತರುತ್ತೇನೆ.