ಅಪ್ಪನ ಪಕ್ಕದ ಜಾಗ

೧೨ ಫೆಬ್ರವರಿ, ಗುರುವಾರ

ನನ್ನ ಮದುವೆಗೆ ಫೋಟೋಗ್ರಾಫರ್ ಯಾರೆಂಬುದು ಇವತ್ತೂ ತೀರ್ಮಾನವಾಗಲಿಲ್ಲ. ಅವ್ವನನ್ನು ಕರೆದುಕೊಂಡು ರಾಯದುರ್ಗದಲ್ಲಿ ಎರಡು ಸ್ಟುಡಿಯೊ ಸುತ್ತಿದೆ. ಮೊದಲನೆಯವನು ಬರೀ ಡ್ರೋನ್ ಬಗ್ಗೆ ಮಾತಾಡಿದ. ಗುಮ್ಮಘಟ್ಟದ ನಮ್ಮ ಅಂಗಳಕ್ಕೆ ಡ್ರೋನ್ ಯಾಕೆ ಬೇಕು.

ಎರಡನೆಯವನು ಓಬುಲೇಶ್. ಅಪ್ಪ ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಹೇಳಿದ್ದಕ್ಕೆ ಬೇರೊಂದು ಮದುವೆಯ ಆಲ್ಬಮ್ ತೆಗೆದ. ಅದರಲ್ಲಿ ಸತ್ತುಹೋದ ತಂದೆ ಮಂಟಪದಲ್ಲಿ ನಿಂತು ಮಗಳಿಗೆ ಅಕ್ಷತೆ ಹಾಕುತ್ತಿದ್ದರು. "ಹಳೇ ಫೋಟೋ ಒಂದು ಕೊಡ್ರಿ ಸಾಕು, ನಿಮ್ಮ ತಂದೀನೂ ಹಿಂಗ ನಿಲ್ಲಸ್ತೀನಿ" ಎಂದ. ನನಗೆ ಸಿಟ್ಟು ಬಂತು. ಇಲ್ಲದವರನ್ನು ಇದ್ದಂತೆ ತೋರಿಸುವುದು ಯಾವ ಸೀಮೆಯ ಗೌರವ? ಏಳವ್ವ, ಹೋಗೋಣ ಅಂದೆ.

ಅವ್ವ ಏಳಲಿಲ್ಲ. ಗಂಡ ಇಲ್ಲದವಳೆಂದು ಅಣ್ಣನ ಮದುವೆಯಲ್ಲಿ ಮಂಟಪ ಹತ್ತದೆ, ಅಡುಗೆಯವರ ಜೊತೆಯೇ ಉಳಿದುಬಿಟ್ಟಿದ್ದಳು. ಅಣ್ಣನ ಆಲ್ಬಮ್ಮಿನಲ್ಲಿ ಅವಳದೊಂದು ಫೋಟೋ ಇಲ್ಲ. ಈಗ ಆ ಸತ್ತ ತಂದೆಯ ಪಕ್ಕದ ಖಾಲಿ ಜಾಗದ ಮೇಲೆ ಬೆರಳಿಟ್ಟು ಮೆಲ್ಲಗೆ ಕೇಳಿದಳು:

"ಅವರನ್ನ ನಿಲ್ಲಿಸಿದ ಮ್ಯಾಲ, ನಾನೂ ಪಕ್ಕದಾಗ ನಿಲ್ಲಬೌದೇನಪ್ಪಾ?"

ಓಬುಲೇಶ್ ನನ್ನ ಮುಖ ನೋಡಿದ. ಫೋಟೋದಲ್ಲಿ ಯಾಕ, ಮಂಟಪಕ್ಕೇ ಬಾರವ್ವ ಎನ್ನಬೇಕಿತ್ತು ನಾನು. ಅನ್ನಲಿಲ್ಲ.