ವಿಚಾರಿಸಿದ್ದೇನೆ ಎಂದ ಮಾತು

ಹಾಸನ
8 ನವೆಂಬರ್ 2006, ಬುಧವಾರ

ಚಿ. ಸೌ. ಸರಸಳಿಗೆ ನಿನ್ನ ಅಣ್ಣನ ಆಶೀರ್ವಾದ.

ಕ್ಷೇಮ ಸಮಾಚಾರ ಭಾನುವಾರದ ಫೋನಿನಲ್ಲಿ ಆಗಿದೆ. ಫೋನಿನಲ್ಲಿ ಹೇಳಲಾಗದೆ ಉಳಿದದ್ದಕ್ಕಾಗಿ ಈ ಕಾಗದ. ಮೊದಲು ನಡೆದದ್ದನ್ನು ಕ್ರಮವಾಗಿ ಇಡುತ್ತೇನೆ. ಹೆಚ್ಚಿನದು ನಿನಗೆ ಗೊತ್ತಿರುವುದೇ. ಆದರೂ ಒಂದೊಂದಾಗಿ ಓದು.

1. 1997ರ ಮೇ ತಿಂಗಳಲ್ಲಿ ನಿನ್ನ ಮಗಳು ಶ್ರೀಗೌರಿ, ಪಿಯುಸಿ ಪರೀಕ್ಷೆ ಮುಗಿಸಿ, ಹೊಳೆನರಸೀಪುರದಿಂದ ನಮ್ಮ ಮನೆಗೆ ರಜಕ್ಕೆ ಬಂದಳು. ಆಗ ಅವಳಿಗೆ ಹದಿನೇಳು ವರ್ಷ.

2. ಮೇ 14ರ ಸಂಜೆ ಇಲ್ಲಿನ ಒಂದು ಫ್ಯಾನ್ಸಿ ಸ್ಟೋರಿನಲ್ಲಿ, ನನ್ನ ಎದುರಿಗೆ, ಅವಳ ಎಡಗಿವಿಯ ಮೇಲಂಚಿಗೆ ಓಲೆ ಹೊಡೆಯುವ ಪುಟ್ಟ ಗನ್ನಿನಿಂದ ಚುಚ್ಚಿದರು.

3. ಮೇ 18ರಂದು ಅವಳು ಊರಿಗೆ ಹಿಂತಿರುಗಿದಾಗ ಕಿವಿ ಕೆಂಪಾಗಿತ್ತು. ನೀನು ಕೊಬ್ಬರಿ ಎಣ್ಣೆಯಲ್ಲಿ ಅರಿಶಿನ ಕಲಸಿ ಹಚ್ಚಿದೆ.

4. 23ಕ್ಕೆ ಜ್ವರ, ಕೀವು. 25ರಂದು ಹಾಸನದ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದೆವು. 27ರಂದು ಆಪರೇಷನ್ ಮಾಡಿ, ಒಳಗೆ ಕೊಳೆತಿದ್ದ ಮೆದುಮೂಳೆಯನ್ನು ತೆಗೆದರು. ಕಿವಿಯ ಮೇಲ್ಭಾಗ ಒಳಕ್ಕೆ ಮಡಚಿಕೊಂಡು ಹಾಗೆಯೇ ಉಳಿಯಿತು.

5. ಇದೆಲ್ಲ ಆದದ್ದು ನಿನ್ನ ಅರಿಶಿನದಿಂದ.

ಐದನೆಯದು ಸುಳ್ಳು, ಸರಸ. ಸುಳ್ಳೆಂಬುದು ನನಗೆ ಆ 27ರ ಬೆಳಿಗ್ಗೆಯಿಂದಲೇ ಗೊತ್ತು.

ಆಪರೇಷನ್ ಮುಗಿಸಿ ಬಂದ ಡಾಕ್ಟರು ನನ್ನನ್ನು ಮಾತ್ರ ಬಾಗಿಲ ಹೊರಗೆ ಕರೆದರು. ಅರಿಶಿನ ಹಚ್ಚಿದ್ದರಿಂದ ಆಯಿತೇ ಎಂದು ನಾನೇ ಕೇಳಿದೆ. ಅವರು, "ಅರಿಶಿನ ಮೇಲೆ ಕೂತಿರುತ್ತೆ ಸಾರ್. ಈ ನಂಜು ಚುಚ್ಚಿದ ದಿನವೇ ಒಳಗೆ ಹೋಗಿರೋದು. ಅಲ್ಲಿ ರಕ್ತದ ಓಡಾಟ ಕಡಿಮೆ, ಗನ್ನಿನ ಹೊಡೆತಕ್ಕೆ ಆ ಮೂಳೆ ಜಜ್ಜಿಹೋಗುತ್ತೆ. ಅದೇ ಅಂಗಡಿಯಿಂದ ಈ ತಿಂಗಳು ನನ್ನ ಹತ್ರ ಬಂದಿರೋ ಮೂರನೇ ಕಿವಿ ಇದು" ಎಂದರು.

ನಾನು ವಾರ್ಡಿಗೆ ಬಂದಾಗ ನಿಮ್ಮ ಅತ್ತೆ ಪಾರ್ವತಮ್ಮನವರು ಮಾತನಾಡುತ್ತಿದ್ದರು. "ಬೇಡ ಬೇಡ ಅಂದ್ರೂ ಬಳಿದ್ಲು. ಬೀದಿಗೆಲ್ಲಾ ಇವಳ ಕೈಗುಣ ಬೇಕಂತೆ. ಮನೆ ಮಗೂಗೆ ಏನಾಯ್ತು ನೋಡಿ." ಪಕ್ಕದ ಹಾಸಿಗೆಯವರು ತಿರುಗಿ ನಿನ್ನನ್ನು ನೋಡಿದರು. ನೀನು ನನ್ನ ಕಡೆ ನೋಡಿದೆ. ನಾನು ಡ್ರಿಪ್ಪಿನ ಹನಿಗಳನ್ನು ನೋಡುತ್ತ ನಿಂತೆ. ನಿಮಿಷಕ್ಕೆ ಇಪ್ಪತ್ತೆಂಟು ಹನಿ ಬೀಳುತ್ತಿತ್ತು. ಅದು ಇವತ್ತಿಗೂ ನೆನಪಿದೆ.

ಏಕೆ ಸುಮ್ಮನಿದ್ದೆ ಎಂಬುದನ್ನು ಹೇಳಬೇಕಾದರೆ ಇನ್ನೂ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಿವಿಯ ಮೇಲೆ ಇನ್ನೊಂದು ಚುಚ್ಚಿಸಿಕೊಳ್ಳಬೇಕೆಂದು ಶ್ರೀಗೌರಿ ಕೇಳಿದಾಗ, ಮೊದಲು ಅವಳನ್ನು ಅಕ್ಕಸಾಲಿ ಶಿವಯ್ಯನವರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅವಳು ಹನ್ನೊಂದು ತಿಂಗಳ ಕೂಸಾಗಿದ್ದಾಗ, ಸೋದರಮಾವನಾದ ನನ್ನ ತೊಡೆಯ ಮೇಲೆ ಕೂರಿಸಿ ಕಿವಿ ಚುಚ್ಚಿದವರು ಅವರೇ. 1997ರ ಆ ದಿನ ಅವರು ಕಿವಿಯ ಮೇಲಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಬಿಟ್ಟುಬಿಟ್ಟರು. "ಇಲ್ಲಿ ಬ್ಯಾಡಿ ಸಾ, ಇದು ಮೂಳೆ. ಕೆಳಕ್ಕೆ ಬೇಕಾರೆ ಇನ್ನೊಂದು ಆಕ್ಕೊಡ್ತೀನಿ. ಮ್ಯಾಲಕ್ಕೆ ನಮ್ಮಪ್ಪನೂ ಚುಚ್ಚಿದೋನಲ್ಲ, ನಾನೂ ಚುಚ್ಚಾಕಿಲ್ಲ."

ಹೊರಗೆ ಬಂದ ಮೇಲೆ ಶ್ರೀಗೌರಿ, "ಅವರ ಹತ್ರ ಗನ್ ಇಲ್ಲ, ಅದಕ್ಕೆ ಹಾಗಂತಾರೆ ಮಾವ" ಎಂದಳು. ನನಗೂ ಹಾಗೆಯೇ ತೋರಿತು. ಯಂತ್ರವಿಲ್ಲದವನು ಯಂತ್ರದ ಕೆಲಸಕ್ಕೆ ಅಂಜುತ್ತಾನೆ ಎಂದುಕೊಂಡೆ.

ಮನೆಗೆ ಬಂದು ನಿನಗೆ ಫೋನ್ ಮಾಡಿದೆ. ನೀನು ಒಂದೇ ಮಾತು ಕೇಳಿದೆ: "ಅಣ್ಣ, ಸರಿಯಾಗಿ ವಿಚಾರಿಸಿದೀಯಾ? ನೀನು ಹೂಂ ಅಂದ್ರೆ ನಂದೇನಿಲ್ಲ." ಎಲ್ಲ ವಿಚಾರಿಸಿದ್ದೇನೆ ಎಂದೆ. ನಾನು ವಿಚಾರಿಸಿದ್ದು ಒಬ್ಬರನ್ನು. ಅವರು ಬೇಡವೆಂದಿದ್ದರು.

ಅಂಗಡಿಯ ತುಂಬ ಹೆಂಗಸರು. ಕೌಂಟರಿನ ಹುಡುಗಿ, ಬಾಚಣಿಗೆ, ಟಿಕ್ಲಿ ಪ್ಯಾಕೆಟ್ಟುಗಳ ನಡುವಿನಿಂದ ಗನ್ನನ್ನು ತೆಗೆದು, "ಇರುವೆ ಕಚ್ಚಿದಂಗೆ ಸಾರ್, ಅಷ್ಟೇ" ಎಂದಳು. ನಾನು ಅದನ್ನು ಕೈಗೆ ತೆಗೆದುಕೊಂಡು ಸ್ಪ್ರಿಂಗ್ ಎಳೆದು ನೋಡಿದೆ. ಕೆಲಸ ಅಚ್ಚುಕಟ್ಟಾಗಿತ್ತು, ನನಗೆ ಹಿಡಿಸಿತು. ಆಮೇಲೆ ಜೇಬಿನಿಂದ ಸ್ಟೀಲ್ ಸ್ಕೇಲ್ ತೆಗೆದು, ಅಂಚಿನಿಂದ ನಾಲ್ಕು ಮಿಲಿಮೀಟರ್ ಅಳೆದು, ಬಾಲ್‌ಪೆನ್ನಿನಿಂದ ಚುಕ್ಕೆ ಇಟ್ಟೆ. ಆ ಹುಡುಗಿ, "ಸೈಟ್ ಅಳೆದಂಗೆ ಅಳೀತಿದೀರಲ್ಲ ಸಾರ್, ಕಾಂಪೌಂಡೂ ಹಾಕಿಸ್ತೀರಾ?" ಎಂದಳು. ಅಂಗಡಿಯೆಲ್ಲ ನಕ್ಕಿತು, ಶ್ರೀಗೌರಿಯೂ ನಕ್ಕಳು.

ಅದಾದ ಮೇಲೆ ಹುಡುಗಿ ಗನ್ನನ್ನು ಒರೆಸಿದಳು. ಕೌಂಟರಿನ ಗಾಜು ಒರೆಸುತ್ತಿದ್ದ ಬಟ್ಟೆಯಿಂದಲೇ ಒರೆಸಿದ್ದನ್ನು ನಾನು ಕಂಡೆ. ಇದನ್ನು ಯಾವುದರಲ್ಲಿ ತೊಳೆಯುತ್ತೀರಿ ಎಂಬ ಪ್ರಶ್ನೆ ನಾಲಿಗೆಯ ತನಕ ಬಂದಿತ್ತು. ಮತ್ತೆ ನಗುತ್ತಾರೆಂದು ಕೇಳಲಿಲ್ಲ. ಉಪಕರಣವನ್ನು ಮುಟ್ಟುವ ಮೊದಲು ಅದನ್ನು ಯಾರು, ಯಾವಾಗ ಪರೀಕ್ಷಿಸಿದ್ದಾರೆಂದು ಕೇಳಿ ಎಂದು ಪಾಲಿಟೆಕ್ನಿಕ್ಕಿನಲ್ಲಿ ಪ್ರತಿ ವರ್ಷ ಮೊದಲ ಪಾಠದಲ್ಲಿ ಹೇಳುವವನು ನಾನು.

ವಾರ್ಡಿನಲ್ಲಿ ಬಾಯಿ ತೆರೆದಿದ್ದರೆ ಇಷ್ಟನ್ನೂ ಹೇಳಬೇಕಾಗುತ್ತಿತ್ತು. ಹುಡುಗಿ ಮನೆಗೆ ಬರಲಿ, ಆಮೇಲೆ ಹೇಳೋಣ ಎಂದುಕೊಂಡೆ. ಮನೆಗೆ ಬಂದಳು. ಡಿಗ್ರಿ ಮುಗಿಯಲಿ ಎಂದುಕೊಂಡೆ. ಅವಳ ಮದುವೆಯೂ ಆಯಿತು. ತಡವಾದಷ್ಟೂ, ಇಷ್ಟು ತಡವೇಕಾಯಿತು ಎಂಬುದಕ್ಕೂ ಉತ್ತರ ಹೇಳಬೇಕಾಗುತ್ತಿತ್ತು.

ಅಷ್ಟರಲ್ಲಿ ನಿನ್ನ ಕಡೆ ಏನಾಗುತ್ತಿದೆ ಎಂಬುದು ನನಗೆ ಕಾಣುತ್ತಲೇ ಇತ್ತು. ನಿಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ಎಣ್ಣೆನೀರು ಹಾಕಲು ನಿನ್ನನ್ನು ಕರೆಯುತ್ತಿದ್ದರು. ಅತ್ತು ಅತ್ತು ನೀಲಿಗಟ್ಟಿದ ಕೂಸು ನಿನ್ನ ಕಾಲ ಮೇಲೆ ಮಲಗಿದರೆ ಸುಮ್ಮನಾಗುತ್ತಿದ್ದುದನ್ನು ನಾನೇ ನೋಡಿದ್ದೇನೆ. ಆ ವರ್ಷದಿಂದ ನೀನು ಹೋಗುವುದನ್ನು ಬಿಟ್ಟೆ. ಸೊಂಟ ನೋವು ಎಂದು ಹೇಳುತ್ತಿದ್ದೆ. ನಾನೂ ನಂಬಿದವನಂತೆ ಒಂದು ಮುಲಾಮು ತಂದುಕೊಟ್ಟೆ.

ಹೋದ ವಾರ ಶ್ರೀಗೌರಿ ಫೋನ್ ಮಾಡಿದ್ದಳು. ಈ ಭಾನುವಾರ ನಿಮ್ಮ ಮನೆಯಲ್ಲಿ ಅವಳ ಮಗುವಿಗೆ ಕಿವಿ ಚುಚ್ಚಿಸುವುದಿದೆಯಲ್ಲ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅಮ್ಮ ಮಗೂನ ಎತ್ಕೊಳ್ಳೋದೇ ಇಲ್ಲ ಮಾವ. ಸ್ನಾನ ಮಾಡಿಸಮ್ಮ ಅಂದ್ರೆ, ನನ್ನ ಕೈ ಬೇಡ ಕಣೆ, ನಿನಗೆ ಆಗಿದ್ದೇ ಸಾಕು ಅಂತಾಳೆ. ಭಾನುವಾರ ಅಡುಗೆಮನೆ ಬಿಟ್ಟು ಹೊರಗೆ ಬರಲ್ವಂತೆ." ಆಮೇಲೆ, "ಕಿವಿ ಯಾರ ಹತ್ರ ಚುಚ್ಚಿಸಬೇಕು ಅಂತ ನೀವೇ ವಿಚಾರಿಸಿ ಹೇಳಿ ಮಾವ, ನೀವು ಹೇಳಿದ್ರೆ ನನಗೆ ಧೈರ್ಯ" ಎಂದಳು.

ಆ ಕಿವಿ ಇಟ್ಟುಕೊಂಡು ಅವಳು ನನ್ನನ್ನೇ ಕೇಳಿದಳು, ಸರಸ.

ಈ ಸಲ ನಿಜವಾಗಿ ವಿಚಾರಿಸಿದೆ. ಹಾಸನದಲ್ಲಿ ಇಬ್ಬರು ಡಾಕ್ಟರು, ಚನ್ನರಾಯಪಟ್ಟಣದಲ್ಲಿ ಒಬ್ಬರು. ಅರಕಲಗೂಡಿಗೆ ಹೋಗಿ ಶಿವಯ್ಯನವರನ್ನೂ ಕಂಡೆ. ಈಗ ಮಗನ ಮನೆಯಲ್ಲಿದ್ದಾರೆ, ಕಣ್ಣು ಮಂಜಾಗಿದೆ, ಕೆಲಸ ಬಿಟ್ಟಿದ್ದಾರೆ. ನಾಲ್ವರೂ ಹೇಳಿದ್ದು ಹೆಚ್ಚು ಕಡಿಮೆ ಒಂದೇ. ಕಿವಿಯ ಕೆಳಗಿನ ಮೆತ್ತನೆಯ ಭಾಗಕ್ಕೆ ಮಾತ್ರ ಚುಚ್ಚಿಸಬೇಕು. ಗನ್ ಬೇಡ. ಸೂಜಿ ಹೊಸದಾಗಿರಬೇಕು, ಅದರ ಪೊಟ್ಟಣವನ್ನು ನಿಮ್ಮ ಕಣ್ಣೆದುರಿಗೇ ಒಡೆಯಬೇಕು. ಚುಚ್ಚುವವರು ಮೊದಲು ಕೈ ತೊಳೆಯಬೇಕು. ಆಮೇಲೆ ಹೇಗೆ ನೋಡಿಕೊಳ್ಳಬೇಕೆಂದು ಅವರು ಬಾಯಿಬಿಟ್ಟು ಹೇಳದಿದ್ದರೆ ಎದ್ದು ಬರಬೇಕು. ನಿಮ್ಮ ಊರಿನಲ್ಲೇ ಹೀಗೆ ಮಾಡುವ ಒಬ್ಬ ಮಕ್ಕಳ ಡಾಕ್ಟರಿದ್ದಾರೆ. ಭಾನುವಾರ ಮನೆಗೇ ಬರಲು ಒಪ್ಪಿದ್ದಾರೆ. ಪ್ರಯಾಣ ಬಿಟ್ಟರೆ, ಕೇಳಿ ತಿಳಿಯಲು ಒಟ್ಟು ಒಂದೂವರೆ ಗಂಟೆ ಹಿಡಿಯಿತು. 1997ರಲ್ಲೂ ಅಷ್ಟೇ ಹಿಡಿಯುತ್ತಿತ್ತು.

ನಿನ್ನ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಇದನ್ನು ಒಂಬತ್ತು ವರ್ಷದ ಹಿಂದೆಯೇ ನಿನಗೆ ಹೇಳಬೇಕಿತ್ತು. ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ. ಈ ಕಾಗದ ಓದಿದ ಮೇಲೆ ಎದ್ದು ಹೋಗಿ ಮಗುವನ್ನು ಎತ್ತಿಕೋ. ಅಷ್ಟು ಸಾಕು.

ಭಾನುವಾರ ನನಗೆ ಪರೀಕ್ಷೆಯ ಕೆಲಸವಿದೆ, ಬರಲಾಗುವುದಿಲ್ಲ. ಮನೆಯವರಿಗೆ ಹಾಗೆಂದು ತಿಳಿಸು.

ಇಂತಿ,
ನಿನ್ನ ಅಣ್ಣ
ಯೋಗಾನರಸಿಂಹ

ವಿ.ಸೂ.: ಗುರುವಾರ ಬೆಳಿಗ್ಗೆ. ಅಂಚೆಗೆ ಹಾಕುವ ಮೊದಲು ಈ ಕಾಗದವನ್ನು ಹಂಸಳಿಗೆ ಓದಲು ಕೊಟ್ಟೆ. ಇಷ್ಟು ವರ್ಷ ನನ್ನ ಹೆಂಡತಿಗೂ ಇದನ್ನು ಹೇಳಿರಲಿಲ್ಲ. ಓದಿ ಮಡಚಿಟ್ಟು, "ಪಾರ್ವತಮ್ಮನವರು ಅಂದಿದ್ದು ಎಲ್ಲರ ಮುಂದೆ. ನೀವು ಹೇಳ್ತಿರೋದು ಸರಸನ ಕಿವಿಲಿ ಮಾತ್ರ" ಎಂದಳು. ಪರೀಕ್ಷೆಯ ಕೆಲಸ ಯಾವುದೂ ಇಲ್ಲ. ಭಾನುವಾರ ಮೊದಲ ಬಸ್ಸಿಗೆ ನಾವಿಬ್ಬರೂ ಬರುತ್ತೇವೆ. ಡಾಕ್ಟರು ಬರುವ ಮೊದಲು, ನಡುಮನೆಯಲ್ಲಿ ಎಲ್ಲರೂ ಕೂತಿರುವಾಗ, ನಿಮ್ಮ ಅತ್ತೆಯವರ ಎದುರಿಗೆ ನಿಂತು ಇದಿಷ್ಟನ್ನೂ ನಾನೇ ಹೇಳುತ್ತೇನೆ.